ಹಾಸಿನ ಎಳೆ, ಹೊಕ್ಕಿನ ಎಳೆ

ಬ್ಯೂರೆಟ್‌ನ ಪುಟ್ಟ ನಲ್ಲಿ ಬಿಗಿದುಕೊಂಡು ತಿರುಗದೇ ಹೋಗಬಹುದಿತ್ತು. ಯಾವುದಾದರೂ ಹುಡುಗ ಪಿಪೆಟ್‌ನಲ್ಲಿ ಆಸಿಡ್ ಹೀರುವ ಭರದಲ್ಲಿ ಅದನ್ನು ಗಂಟಲಿಗೇ ಇಳಿಸಿಕೊಳ್ಳಬಹುದಿತ್ತು. ನೀರಿನ ಲಾರಿ ಬಾರದೆ ಲ್ಯಾಬಿನ ಸಿಂಕ್‌ಗಳೆಲ್ಲ ಒಣಗಿ ಕೂರಬಹುದಿತ್ತು. ಗ್ಯಾಸ್ ಸಿಲಿಂಡರ್ ನಡುವೆಯೇ ಮುಗಿಯಬಹುದಿತ್ತು, ಮುಗಿಯದೆ ಸೋರಲೂಬಹುದಿತ್ತು. ಡಿಸ್ಟಿಲ್ಡ್ ವಾಟರ್ ಎಂದು ಕ್ಯಾನಿನಲ್ಲಿ ಬಂದದ್ದು ಅಂಗಡಿಯವನ ನಲ್ಲಿಯ ನೀರಾಗಿರಬಹುದಿತ್ತು. ಹೊರಗಿನ ಶಾಲೆಯಿಂದ ಬರುವ ಎಕ್ಸಾಮಿನರ್ ಬಿಳಿ ಶರ್ಟು ತೊಟ್ಟು ಬಂದು, ಅದರ ಮೇಲೆ ಪೊಟ್ಯಾಷಿಯಂ ಪರ್ಮಾಂಗನೇಟ್ ಚೆಲ್ಲಿ, ನಮ್ಮ ಶಾಲೆಯ ಮಕ್ಕಳಿಗೆಲ್ಲ ಆ ನೇರಳೆ ಕಲೆಯ ಶಿಕ್ಷೆ ಅಂಕದಲ್ಲಿ ಬೀಳಬಹುದಿತ್ತು. ನನಗೇ ತಲೆ ಸುತ್ತಿ ನಾನೇ ಬೀಳಬಹುದಿತ್ತು.

ಇವೆಲ್ಲದರ ಮೇಲೆ, ಸೌಪರ್ಣಿಕಾ ಪರೀಕ್ಷೆಗೆ ಬಾರದೇ ಇರಬಹುದಿತ್ತು. ಉಳಿದವು ನನ್ನ ರೂಢಿಯ ಭಯಗಳು. ಇದೊಂದು ನಿಜವಾದ ಭಯ.

ಮೂರು ವರ್ಷದ ಹಿಂದಿನ ಫೆಬ್ರವರಿಯ ಮಾತಿದು. ಚೆನ್ನೈನ ಪಶ್ಚಿಮ ಮಾಂಬಲದಲ್ಲಿ, ಟಿ. ನಗರದ ಗದ್ದಲ ಕಿವಿಗೆ ಬೀಳುವಷ್ಟು ಹತ್ತಿರದ ಒಂದು ಅನುದಾನಿತ ಶಾಲೆಯಲ್ಲಿ ನಾನು ಹನ್ನೊಂದು ಮತ್ತು ಹನ್ನೆರಡನೇ ತರಗತಿಗೆ ಕೆಮಿಸ್ಟ್ರಿ ಟೀಚರ್. ಈಗಲೂ ಅಲ್ಲೇ ಇದ್ದೇನೆ. ಊರು ಹಾಸನ. ಗಂಡನ ಕೆಲಸದಿಂದಾಗಿ ಮದುವೆಯಾದ ಮೇಲೆ ಇಲ್ಲಿಗೆ ಬಂದು ಅಣ್ಣಾ ನಗರ್‌ನಲ್ಲಿ ಮನೆ ಮಾಡಿದವರು ನಾವು. ಅವರು ಮಣಲಿಯ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಅಂದರೆ ನಮ್ಮ ಮನೆಯಲ್ಲಿ ಇಬ್ಬರೂ ಬೆಂಕಿಗೆ ಹೆದರುವವರೇ. ಅವರಿಗೆ ಅದಕ್ಕೆ ಸಂಬಳ ಬರುತ್ತದೆ, ನಾನು ಉಚಿತವಾಗಿ ಹೆದರುತ್ತೇನೆ. ಲ್ಯಾಬಿಗೆ ನಾನು ಮಾಡಿದ ನಿಯಮಗಳಲ್ಲಿ ಅರ್ಧ ಅವರ ಊಟದ ಹೊತ್ತಿನ ಮಾತುಗಳಿಂದ ಹುಟ್ಟಿದವು. ಕಿಟಕಿ ತೆರೆದಿರಬೇಕು, ಜಡೆ ಕಟ್ಟಿರಬೇಕು, ಗ್ಯಾಸ್ ಲೈಟರ್ ಕೂಡದು. ಇಡೀ ಲ್ಯಾಬಿಗೆ ಒಂದೇ ಬೆಂಕಿಪೆಟ್ಟಿಗೆ, ಅದೂ ನನ್ನ ಡ್ರಾಯರ್‌ನಲ್ಲಿ, ಬೀಗದೊಳಗೆ. ಲ್ಯಾಬ್ ಸಹಾಯಕಿ ಸೆಲ್ವಿಯಕ್ಕ ಇದಕ್ಕೆಲ್ಲ ನಗುತ್ತಿದ್ದಳು. “ಪೆಟ್ಟಿಗೆಗೆ ಬೀಗ ಹಾಕಿದ್ದೀರಿ, ಮಿಸ್. ಒಳಗಿನ ಕಡ್ಡಿಗೆ ಯಾವಾಗ ಹಾಕ್ತೀರಿ?” ಎಂದು ತಮಿಳಿನಲ್ಲಿ ಕೇಳುತ್ತಿದ್ದಳು.

ಸೌಪರ್ಣಿಕಾ ನನ್ನ ಹನ್ನೆರಡನೇ ತರಗತಿಯ ಹುಡುಗಿ. ಅಪ್ಪ ಸದಾಶಿವ, ಉಡುಪಿ ಕಡೆಯವರು, ಟಿ. ನಗರದ ಒಂದು ಸಸ್ಯಾಹಾರಿ ಹೋಟೆಲಿನ ಅಡಿಗೆಮನೆಯಲ್ಲಿ ಮುಖ್ಯಸ್ಥರು. ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ತರಗತಿಯಲ್ಲಿ ತಮಿಳು, ಮನೆಯಲ್ಲಿ ಕರಾವಳಿಯ ಕನ್ನಡ, ಹೋಟೆಲಿನ ಹಿಂಬದಿಯಲ್ಲಿ ಆಡಿ ಕಲಿತ ತುಳು ಮತ್ತು ತೆಲುಗು. ಹೆಸರು ಉದ್ದವಾಯಿತೆಂದು ಶಾಲೆಯೆಲ್ಲ ಅವಳನ್ನು ಪರ್ಣಿ ಎಂದು ಕರೆಯುತ್ತಿತ್ತು. ಫಸ್ಟ್ ರ‍್ಯಾಂಕ್‌ನವಳಲ್ಲ. ಆದರೆ ಟೈಟ್ರೇಷನ್ ಮಾಡುವಾಗ ಅವಳ ಕೈ ನೋಡಬೇಕು. ಬ್ಯೂರೆಟ್‌ನಿಂದ ಹನಿಹನಿಯಾಗಿ ದ್ರಾವಣ ಬಿಡುತ್ತ, ಕೆಳಗಿನ ಫ್ಲಾಸ್ಕ್‌ನಲ್ಲಿ ಬಣ್ಣ ಬದಲಾಗುವ ಆ ಒಂದು ಹನಿಗೆ ಸರಿಯಾಗಿ ನಿಲ್ಲಿಸುವ ಪ್ರಯೋಗ ಅದು. ಉಳಿದವರು ಒಂದು ಹನಿ ಹೆಚ್ಚು ಬಿಟ್ಟು ಕಡುಗುಲಾಬಿ ಮಾಡಿಕೊಂಡು ನನ್ನ ಮುಖ ನೋಡುತ್ತಾರೆ. ಅವಳದ್ದು ಯಾವಾಗಲೂ ಇದೆಯೋ ಇಲ್ಲವೋ ಎನ್ನುವಂಥ ತಿಳಿಗುಲಾಬಿ.

ದೀಪಾವಳಿಯಾದ ಮೇಲೆ ಅವಳು ಶಾಲೆ ತಪ್ಪಿಸತೊಡಗಿದಳು. ಮೊದಲು ಜ್ವರ ಇರಬೇಕೆಂದುಕೊಂಡೆ, ಆಮೇಲೆ ಡೆಂಗ್ಯೂ ಇರಬೇಕೆಂದುಕೊಂಡೆ. ನನ್ನ ಯೋಚನೆ ಹಾಗೆಯೇ ಹೆಜ್ಜೆ ಹಾಕುವುದು. ನಿಜ ತಿಳಿದದ್ದು ಸ್ಟಾಫ್ ರೂಮಿನಲ್ಲಿ. ತಮಿಳು ಟೀಚರ್ ಊಟದ ಹೊತ್ತಿಗೆ ಮೊಬೈಲ್‌ನಲ್ಲಿ ಸೀರೆಯ ಲೈವ್ ನೋಡುತ್ತಿದ್ದರು. ಸೀರೆ ಅಂಗಡಿಯವರು ಈಗ ಗಿರಾಕಿ ಬರಲೆಂದು ಕಾಯುವುದಿಲ್ಲ. ಅಂಗಡಿಯ ಮೇಲಿನ ಮಹಡಿಯಲ್ಲಿ ದೀಪದ ಬಳೆಯೊಂದನ್ನು ನಿಲ್ಲಿಸಿ, ಮುಂದೆ ಒಬ್ಬಳು ಚುರುಕು ಮಾತಿನ ಹುಡುಗಿಯನ್ನು ಕೂರಿಸಿ, ನೇರಪ್ರಸಾರದಲ್ಲೇ ಊರೂರಿಗೆ ಮಾರುತ್ತಾರೆ. ಆ ಮೊಬೈಲ್‌ನಿಂದ ಕನ್ನಡ ಕೇಳಿಸಿತು.

“ಮಂಗಳೂರಿನ ಅಕ್ಕಂದಿರೆಲ್ಲ ಬಂದ್ರಾ? ಬೆಂಗಳೂರಿನವರು ಯಾರುಂಟು, ಒಂದು ಹಾಯ್ ಹಾಕಿ. ಇದು ನೋಡಿ, ಅಪ್ಪಟ ರೇಷ್ಮೆ, ಕೈಯಲ್ಲಿ ಹಿಡಿದ್ರೆ ಬೆಣ್ಣೆ. ಬೇಕಾದವರು ಬುಕ್ ಅಂತ ಬರೀರಿ. ಯೋಚನೆ ಮಾಡ್ತಾ ಕೂತ್ರೆ ಪಕ್ಕದ ಮನೆಯವರು ಉಟ್ಕೊಂಡು ನಿಮ್ಮ ಮುಂದೆಯೇ ಹೋಗ್ತಾರೆ.”

ಇಣುಕಿ ನೋಡಿದರೆ ಪರ್ಣಿ. ಹಣೆಯಲ್ಲಿ ಕಲ್ಲಿನ ಬೊಟ್ಟು, ತುಟಿಗೆ ಬಣ್ಣ. ಅದೇ ಮಾತನ್ನು ಉಸಿರು ಕಟ್ಟದೆ ತಮಿಳಿನಲ್ಲೂ ತೆಲುಗಿನಲ್ಲೂ ಹೇಳಿದಳು. ತಮಿಳು ಟೀಚರ್ ಬುಕ್ ಅಂತ ಬರೆದೇಬಿಟ್ಟರು. “ನಮ್ಮ ಹುಡುಗಿಯಲ್ಲವಾ, ಬೇಡ ಅನ್ನೋಕೆ ಮನಸ್ಸು ಬರಲಿಲ್ಲ” ಅಂದರು.

ಮುಂದಿನ ಸಲ ಅವಳು ಶಾಲೆಗೆ ಬಂದಾಗ ಲ್ಯಾಬಿನ ಹೊರಗೆ ಹಿಡಿದು ನಿಲ್ಲಿಸಿದೆ. ಹದಿನೇಳು ತುಂಬಿದವಳು ಇಂಥ ಕೆಲಸ ಮಾಡಿದರೆ ಕಾನೂನು ಅಡ್ಡ ಬರುವುದಿಲ್ಲ ಎಂಬುದನ್ನು ಆ ಹೊತ್ತಿಗೆ ವಕೀಲರಾದ ನೆರೆಯವರ ಬಳಿ ಕೇಳಿ ಖಚಿತ ಮಾಡಿಕೊಂಡಿದ್ದೆ. ಅಡ್ಡ ಬಂದಿದ್ದರೆ ಚೆನ್ನಾಗಿತ್ತು, ನನ್ನ ಕೆಲಸ ಹಗುರವಾಗುತ್ತಿತ್ತು.

“ಯಾಕಮ್ಮ ಬರ್ತಾ ಇಲ್ಲ ನೀನು?”

“ಬರ್ತಿದ್ದೇನಲ್ಲ ಮಿಸ್.”

“ಸೋಮವಾರ ಬಂದೆ. ಇವತ್ತು ಶುಕ್ರವಾರ.”

“ಸ್ವಲ್ಪ ಗ್ಯಾಪ್ ಉಂಟು, ಅಷ್ಟೆ.”

ಮೆಟ್ರೋದಲ್ಲಿ ಬರುತ್ತ ಮನಸ್ಸಿನಲ್ಲೇ ತಯಾರಿಸಿಕೊಂಡಿದ್ದ ಭಾಷಣವನ್ನು ಬಿಚ್ಚಿದೆ. ಇವತ್ತಿನ ಸಂಬಳ ಸಣ್ಣದು, ಡಿಗ್ರಿಯಾದ ಮೇಲಿನದ್ದು ದೊಡ್ಡದು, ಇವತ್ತು ಓಡಿದರೆ ಬೇಗ ದಣಿವಾಗುತ್ತದೆ, ಇತ್ಯಾದಿ. ಅವಳು ಕೊನೆಯವರೆಗೆ ಕೇಳಿದಳು. ಮಾತು ಮಾರುವವರಿಗೆ ಬೇರೆಯವರ ಮಾತು ಕೇಳಿಸಿಕೊಳ್ಳುವ ತಾಳ್ಮೆಯೂ ಇರುತ್ತದೆ.

“ಬಿ.ಎಸ್ಸಿ. ಮಾಡಿ, ಎಂ.ಎಸ್ಸಿ. ಮಾಡಿ, ಬಿ.ಎಡ್. ಮಾಡಿ, ಆಮೇಲೆ ಎಂತ ಆಗುದು ಮಿಸ್?”

“ಎಷ್ಟೊಂದು ಇದೆ. ಕಂಪನಿ ಲ್ಯಾಬ್ ಇದೆ, ರಿಸರ್ಚ್ ಇದೆ. ಟೀಚರ್ ಆಗಬಹುದು.”

“ನಿಮ್ಮ ಹಾಗೆಯಾ?”

ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನೆರಿಗೆಯ ಹತ್ತಿರ ಆಸಿಡ್ ತಿಂದ ತೂತು, ಸೆರಗಿಗೆ ನಾಲ್ಕು ಸೇಫ್ಟಿ ಪಿನ್ನು, ಬೆರಳ ತುದಿಯಲ್ಲಿ ಕಂದು ಕಲೆ. ಆ ನೋಟದಲ್ಲಿ ಕುಹಕವಿರಲಿಲ್ಲ, ಅನುಕಂಪವಿತ್ತು. ಕುಹಕವಾಗಿದ್ದರೆ ಬೈದು ಗೆಲ್ಲಬಹುದಿತ್ತು.

“ಬೇಜಾರು ಮಾಡ್ಬೇಡಿ ಮಿಸ್. ಆದ್ರೆ ಈ ಸೀರೆಗೆ ಲೈವ್‌ನಲ್ಲಿ ಒಂದು ಲೈಕ್ ಕೂಡ ಬರುದಿಲ್ಲ.”

ಆ ಭಾನುವಾರ ಅವರ ಮನೆಗೆ ಹೋದೆ. ಒಂದು ಹಳೆಯ ಕಟ್ಟಡದ ಹಿಂಭಾಗದ ಪೋರ್ಷನ್. ಒಂದು ಕೋಣೆ, ಒಂದು ಅಡಿಗೆಮನೆ. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದು ಸಂಜೆಯ ತಿಂಡಿಗೆ ಒಲೆ ಹಚ್ಚುವ ಮೊದಲಿನ ಬಿಡುವಿನಲ್ಲಿ ಸದಾಶಿವ ಮನೆಗೆ ಬಂದು ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ನನ್ನನ್ನು ಕಂಡು ಎದ್ದು ಅಂಗಿ ಹಾಕಿಕೊಂಡರು. ಹೆಂಡತಿ ಜಲಜಾಕ್ಷಿ ಕಾಫಿ ತಂದಿಟ್ಟರು.

“ಕುಡೀರಿ ಟೀಚರ್. ಹೋಟೆಲಿಂದಲ್ಲ, ಮನೆದು” ಎಂದರು ಸದಾಶಿವ. ಹೋಟೆಲಿನದ್ದೇ ಆಗಿದ್ದರೆ ಚೆನ್ನಾಗಿತ್ತು ಎಂದು ನಾನು ಯೋಚಿಸಿದ್ದು ಹೌದು.

ನಾನು ಬಂದ ವಿಷಯ ಹೇಳಿದೆ. ಫೆಬ್ರವರಿಯಲ್ಲಿ ಬೋರ್ಡಿನ ಪ್ರಾಕ್ಟಿಕಲ್ ಪರೀಕ್ಷೆ; ಹೊರಗಿನ ಎಕ್ಸಾಮಿನರ್ ಎದುರು ಪ್ರಯೋಗ ಮಾಡಿ ತೋರಿಸಬೇಕು. ಅದಕ್ಕೆ ಗೈರಾದರೆ ಮಾರ್ಚಿನ ಲಿಖಿತ ಪರೀಕ್ಷೆ ಎಷ್ಟೇ ಚೆನ್ನಾಗಿ ಬರೆದರೂ ಕೆಮಿಸ್ಟ್ರಿ ಪಾಸಾಗುವುದಿಲ್ಲ. ಪಾಸಾಗದಿದ್ದರೆ ಆ ವರ್ಷದ ಮಟ್ಟಿಗೆ ಕಾಲೇಜಿನ ಬಾಗಿಲು ಮುಚ್ಚಿದಂತೆಯೇ.

ಸದಾಶಿವ ತಮ್ಮ ಮುಂಗೈ ನೋಡಿಕೊಂಡರು. ಎಣ್ಣೆ ಸಿಡಿದ ಗುರುತುಗಳು ಅಲ್ಲಿ ಮಚ್ಚೆಗಳ ಹಾಗಿದ್ದವು.

“ಟೀಚರ್, ನಾನು ಇಪ್ಪತ್ತು ವರ್ಷ ಬಾಯ್ಲರ್ ಪಕ್ಕ ನಿಂತಿದ್ದೇನೆ. ನನ್ನ ಅಪ್ಪನೂ ನಿಂತೇ ದುಡಿದದ್ದು. ಇವಳು ಏಸಿಯಲ್ಲಿ ಕೂತು ಮಾತಾಡ್ತಾಳೆ. ಕೂತು. ನಮ್ಮ ಮನೆಯಲ್ಲಿ ಕೂತು ದುಡಿದವರು ಇದುವರೆಗೆ ಯಾರೂ ಇಲ್ಲ.”

ಜಲಜಾಕ್ಷಿ ಬಾಗಿಲಿಗೆ ಒರಗಿ ನಿಂತೇ ಮಾತಾಡಿದರು.

“ಆ ಕುರ್ಚಿ ಇವಳು ಬಿಟ್ರೆ ಅರ್ಧ ಗಂಟೆಯಲ್ಲಿ ಬೇರೆ ಹುಡುಗಿ ಬಂದು ಕೂತ್ಕೊಳ್ತಾಳೆ ಮಿಸ್. ಪರೀಕ್ಷೆ ಎಲ್ಲಿಗೆ ಓಡಿ ಹೋಗ್ತದೆ? ಜೂನಿಗೆ ಇನ್ನೊಂದು ಉಂಟು ಹೇಳ್ತಾರಲ್ಲ.”

“ಇದೆ ಅಮ್ಮ. ಆದ್ರೆ ಮುಂದಿನ ಸಲ ಬರೀತೀನಿ ಅಂತ ಹೋದವರು ತಿರುಗಿ ಬಂದದ್ದನ್ನ ನಾನು ನೋಡಿರೋದು ಬಹಳ ಕಮ್ಮಿ.”

“ಅವರಿಗೆ ಒಳ್ಳೆ ಕೆಲಸ ಸಿಕ್ಕಿರ್ಬೇಕು” ಎಂದಳು ಪರ್ಣಿ ಒಳಗಿನಿಂದ. ಸದಾಶಿವ ನಗು ತಡೆಯಲು ಕೆಮ್ಮಿದರು.

ಕೊನೆಗೆ ಒಂದು ರಾಜಿಯಾಯಿತು. ಹಗಲು ಶಾಲೆ, ಸಂಜೆ ಲೈವ್. ಡಿಸೆಂಬರ್ ಪೂರ್ತಿ ಅವಳು ನಿದ್ದೆಗಣ್ಣಿನಲ್ಲಾದರೂ ಬಂದಳು. ನಾನು ಗೆದ್ದೆನೆಂದುಕೊಂಡೆ. ಪೊಂಗಲ್ ಕಳೆದು ಮದುವೆಯ ಮುಹೂರ್ತಗಳು ಶುರುವಾಗುತ್ತಿದ್ದಂತೆ ಅಂಗಡಿಯವರು ಬೆಳಗಿನ ಲೈವ್ ಕೂಡ ಆರಂಭಿಸಿದರು. ಮತ್ತೆ ಗ್ಯಾಪ್.

ಜನವರಿಯ ಕೊನೆಯಲ್ಲಿ ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಅವಳು ತಾನಾಗಿಯೇ ಲ್ಯಾಬಿಗೆ ಬಂದಳು. ಕೈಯಲ್ಲಿ ಟಿಶ್ಯೂ ಕಾಗದದ ಪೊಟ್ಟಣ.

“ಮಿಸ್, ನಮ್ಮ ಇಗ್ನಿಷನ್ ಟೆಸ್ಟ್ ಸೀರೆ ನೂಲಿಗೆ ಆಗ್ತದಾ?”

ಇಗ್ನಿಷನ್ ಟೆಸ್ಟ್ ಎಂದರೆ ಪರೀಕ್ಷೆಯಲ್ಲಿ ಬರುವ ಸರಳ ಪ್ರಯೋಗ. ಕೊಟ್ಟ ವಸ್ತುವನ್ನು ಚೂರು ಸುಟ್ಟು, ಅದು ಹೊಗೆ ಕಾರುತ್ತ ಉರಿಯುತ್ತದೋ ಇಲ್ಲವೋ ನೋಡಿ, ಅದು ಯಾವ ಜಾತಿಯದ್ದೆಂದು ಗುರುತಿಸುವುದು. ಏನಾಯಿತೆಂದು ಕೇಳಿದೆ. ಹಿಂದಿನ ದಿನದ ಲೈವ್‌ನಲ್ಲಿ ಕುಂದಾಪುರದ ಒಬ್ಬ ಅಜ್ಜಿ, ಮೊಮ್ಮಗಳ ಮದುವೆಗೆ ಸೀರೆ ಹುಡುಕುತ್ತಿದ್ದವರು, ಕಾಮೆಂಟ್‌ನಲ್ಲಿ ಬರೆಸಿದ್ದರಂತೆ: ಮಗಾ, ಇದು ಅಪ್ಪಟ ರೇಷ್ಮೆ ಅಂತ ನಿನಗೆ ಹೇಗೆ ಗೊತ್ತು?

“ನೀನು ಏನಂದೆ?”

“ನನ್ನ ಮೇಲೆ ನಂಬಿಕೆ ಇಲ್ವಾ ಅಜ್ಜಿ, ಅಂದೆ. ಅವರು ತಗೊಂಡ್ರು.” ಪೊಟ್ಟಣ ಬಿಚ್ಚುತ್ತ, “ಮಿಸ್, ನಂಗೆ ಹೇಗೆ ಗೊತ್ತು? ಮುದಲಾಳಿ ಹೇಳಿದ್ದು, ನಾನು ಹೇಳಿದ್ದು” ಅಂದಳು. ಮುದಲಾಳಿ ಎಂದರೆ ಅಂಗಡಿಯ ಯಜಮಾನರು.

ಬೆಂಕಿಯ ಕೆಲಸವಾದ್ದರಿಂದ ಮೊದಲು ಬೇಡವೆಂದೆ. ಆಮೇಲೆ ಕಿಟಕಿಗಳನ್ನೆಲ್ಲ ತೆಗೆಸಿ, ಫ್ಯಾನ್ ನಿಲ್ಲಿಸಿ, ಪಕ್ಕದಲ್ಲಿ ಎರಡು ಬಕೆಟ್ ನೀರಿಡಿಸಿ, ಡ್ರಾಯರ್‌ನ ಬೀಗ ತೆಗೆದು ಬೆಂಕಿಪೆಟ್ಟಿಗೆ ಹೊರತಂದೆ. ಹೋಲಿಸಿ ನೋಡಲು ಒಂದು ಕೂದಲು ಬೇಕು. ರೇಷ್ಮೆಯೂ ಕೂದಲಿನ ಹಾಗೆ ಪ್ರೋಟೀನ್, ಎರಡೂ ಸುಟ್ಟಾಗ ಒಂದೇ ವಾಸನೆ. ಅವಳ ಜಡೆ ಮೊಣಕಾಲವರೆಗಿತ್ತು. ಆದರೂ ನನ್ನದನ್ನೇ ಕಿತ್ತುಕೊಟ್ಟೆ. ಕೊಡುವಷ್ಟು ನನ್ನಲ್ಲಿ ಉಳಿದಿರಲಿಲ್ಲ; ಟೀಚರ್ ಅನ್ನಿಸಿಕೊಂಡ ಮೇಲೆ ತ್ಯಾಗ ಮಾಡಬೇಕಾಗುತ್ತದೆ.

ಸೀರೆಯ ತುದಿಯ ಕುಚ್ಚಿನಿಂದ ಅವಳು ಬಿಡಿಸಿ ತಂದಿದ್ದ ಎಳೆಗಳನ್ನು ಒಂದೊಂದಾಗಿ ಸುಟ್ಟೆವು. ಎಲ್ಲವೂ ಕೂದಲಿನಂತೆಯೇ ವಾಸನೆ ಬಿಟ್ಟವು, ಮುಟ್ಟಿದರೆ ಪುಡಿಯಾಗುವ ಕಪ್ಪು ಬೂದಿಯಾದವು. ರೇಷ್ಮೆ. ಅವಳ ಮುಖ ಅರಳಿತು.

“ನೋಡಿ ಮಿಸ್, ಮುದಲಾಳಿ ಸುಳ್ಳು ಹೇಳುದಿಲ್ಲ.”

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಒಳ್ಳೆಯ ಫಲಿತಾಂಶ ಬಂದರೆ ನನಗೆ ಅನುಮಾನ ಹೆಚ್ಚು.

“ಕುಚ್ಚಿಂದ ತಂದಿದ್ದೀಯ. ಕುಚ್ಚಲ್ಲಿ ಇರೋದು ಉದ್ದದ ಎಳೆ, ಹಾಸು. ಅಡ್ಡಕ್ಕೆ ನೇಯ್ದಿರ್ತಾರಲ್ಲ, ಹೊಕ್ಕು, ಅದನ್ನ ತಂದಿಲ್ಲ ನೀನು.”

“ಎರಡೂ ಒಂದೇ ಅಲ್ವಾ?”

“ಗೊತ್ತಿಲ್ಲ. ನೋಡಿದ್ರೆ ಗೊತ್ತಾಗುತ್ತೆ.”

ಮರುದಿನ ಸಂಜೆ ಮತ್ತೆ ಬಂದಳು. ಸೀರೆಗೆ ಅಂಟಿಕೊಂಡೇ ಬರುವ ರವಿಕೆಯ ತುಂಡಿನ ಅಂಚಿನಿಂದ ಅಡ್ಡದ ಎಳೆಗಳನ್ನು ಎಳೆದು ತಂದಿದ್ದಳು. ಮೊದಲನೆಯದು ಜ್ವಾಲೆ ತಾಗುವ ಮೊದಲೇ ಮುದುಡಿ ಹಿಂದಕ್ಕೆ ಸರಿಯಿತು, ಕರಗಿತು, ತುದಿಯಲ್ಲಿ ಮಣಿಯಂಥ ಕರಿಗಂಟು ಕಟ್ಟಿತು. ಕೂದಲಿನ ವಾಸನೆಯಿಲ್ಲ. ಉಗುರಿನಿಂದ ಒತ್ತಿದಳು, ಪುಡಿಯಾಗಲಿಲ್ಲ. ಪಾಲಿಯೆಸ್ಟರ್. ಎರಡನೆಯದು ಹಾಗೆಯೇ. ಅಜ್ಜಿ ಕೊಂಡ ಸೀರೆಯದ್ದು ಮೂರನೆಯದು. ಗೀರುವಾಗ ಅವಳ ಕೈಯಲ್ಲಿ ಎರಡು ಕಡ್ಡಿ ಮುರಿದವು. ಅದೂ ಹಾಗೆಯೇ.

ಅವಳು ಕಪ್ಪು ಮಣಿಗಳನ್ನು ಟಿಶ್ಯೂ ಕಾಗದದಲ್ಲಿ ಸುತ್ತಿಕೊಂಡಳು, ಮೇಜು ಒರೆಸಿದಳು, ಎಲ್ಲ ಎತ್ತಿಟ್ಟಳು. ನಾನು ಕಿಟಕಿಗಳನ್ನು ಮುಚ್ಚುತ್ತಿದ್ದೆ. ತಿರುಗುವಷ್ಟರಲ್ಲಿ ಹೊರಟುಹೋಗಿದ್ದಳು. ಖಾಲಿ ಮೇಜು ನೋಡಿ ಡ್ರಾಯರ್‌ಗೆ ಬೀಗ ಹಾಕಿದೆ.

ಅವಳು ಇನ್ನು ಅಂಗಡಿಯತ್ತ ಹೋಗುವುದಿಲ್ಲ ಎಂದು ಆ ಸಂಜೆ ಗಂಡನಿಗೆ ಹೇಳಿದೆ. ಬದುಕಿನಲ್ಲಿ ಅಪರೂಪಕ್ಕೆ ಭರವಸೆಯಿಂದ ಆಡಿದ ಮಾತು. ಅದಾದ ಮೇಲೆ ಅವಳು ಹೋಗದೆ ಬಿಟ್ಟದ್ದು ಶಾಲೆಗೆ. ಒಂದು ದಿನವೂ ಬರಲಿಲ್ಲ. ಫೋನ್ ಮಾಡಿದರೆ ಜಲಜಾಕ್ಷಿ, “ಅಂಗಡಿಗೆ ಹೋಗಿದ್ದಾಳೆ ಮಿಸ್, ಬಂದ ಮೇಲೆ ಹೇಳ್ತೇನೆ” ಅನ್ನುವರು. ನನಗೆ ಬೇರೆಯೇ ಭಯ ಹತ್ತಿಕೊಂಡಿತು. ನಾನು ತೋರಿಸಿಕೊಟ್ಟದ್ದನ್ನು ಅವಳು ಅಲ್ಲಿ ಹೋಗಿ ಆಡಿ, ಯಾರಾದರೂ ಬೆದರಿಸಿ, ಕಳ್ಳತನದ ಆರೋಪ ಹೊರಿಸಿದರೆ. ಅಥವಾ ಇನ್ನೂ ಕೆಟ್ಟದ್ದು: ಅವಳು ಏನೂ ಆಡದೆ, ತಿಳಿದೂ ತಿಳಿದೂ, ಅದೇ ನಗುವಿನಲ್ಲಿ ಅಪ್ಪಟ ರೇಷ್ಮೆ ಅನ್ನುವುದನ್ನು ಕಲಿತುಬಿಟ್ಟರೆ. ಅದಕ್ಕೆ ಇಗ್ನಿಷನ್ ಟೆಸ್ಟ್ ಕಲಿಸಿದವಳು ನಾನಾಗುತ್ತಿದ್ದೆ.

ಪರೀಕ್ಷೆಯ ಹಿಂದಿನ ದಿನ ತಮಿಳು ಟೀಚರ್ ಮೊಬೈಲ್ ತೋರಿಸಿದರು. ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಮದುವೆ ಸೀರೆಗಳ ವಿಶೇಷ ಲೈವ್, ನಿಮ್ಮ ಪರ್ಣಿಯೊಂದಿಗೆ. ಪ್ರಾಕ್ಟಿಕಲ್‌ನ ಮೊದಲ ಬ್ಯಾಚು ಶುರುವಾಗುವುದೂ ಒಂಬತ್ತೂವರೆಗೇ. ಪರ್ಣಿ ಆ ಬ್ಯಾಚಿನವಳು.

ಸಂಜೆ ನೇರ ಅಂಗಡಿಗೆ ಹೋದೆ. ಲಿಫ್ಟಿನಲ್ಲಿ ಮೇಲಿನ ಮಹಡಿಗೆ ಏರಿದರೆ ಗಾಜಿನ ಗೋಡೆಯಾಚೆ ದೀಪದ ಬಳೆಯ ಎದುರು ಪರ್ಣಿ ಕೂತಿದ್ದಳು. ನನ್ನನ್ನು ಕಂಡಳು, ಕಾಣದವಳಂತೆ ಸೀರೆ ಬಿಡಿಸಿದಳು. ಮುದಲಾಳಿ ಮರ್ಯಾದಸ್ಥ ಮನುಷ್ಯ. ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು, ಅವರ ತಮಿಳಿನಲ್ಲಿ ನಯವಿತ್ತು.

“ನಾನು ಅವಳನ್ನು ಕಟ್ಟಿಹಾಕಿದ್ದೇನೆಯೇ ಅಮ್ಮ? ನಾಳೆ ಬೇಡ ಅಂದರೆ ಬೇಡ. ಆದರೆ ಮುಹೂರ್ತ ನನಗಾಗಿ ಜೂನ್‌ವರೆಗೆ ಕಾಯುವುದಿಲ್ಲ. ಪರೀಕ್ಷೆ ಕಾಯುತ್ತದಂತೆ, ಅವಳೇ ಹೇಳಿದಳು.”

ಹೊಕ್ಕಿನ ಎಳೆಯ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲಿ ಗಾಜಿನಾಚೆ ಕೂತ ಹುಡುಗಿಗೆ ಅದರಿಂದ ಏನಾಗುತ್ತದೋ ಎಂದು ನುಂಗಿಕೊಂಡೆ. ಸುಮ್ಮನೆ ಎದ್ದು ಬರಲಾಗದೆ, ಕಾಫಿ ಕುಡಿದ ದಾಕ್ಷಿಣ್ಯಕ್ಕೆ, ಒಂದು ಹತ್ತಿ ಸೀರೆ ಕೊಂಡು ಇಳಿದು ಬಂದೆ. ಹುಡುಗಿಯನ್ನು ಬಿಡಿಸಿಕೊಂಡು ಬರಲು ಹೋದವಳು ಸೀರೆಯ ಚೀಲ ಹಿಡಿದು ಮನೆಗೆ ಬಂದೆ.

ಮರುದಿನ ಎಂಟಕ್ಕೇ ಲ್ಯಾಬಿನಲ್ಲಿದ್ದೆ. ಬ್ಯೂರೆಟ್‌ಗಳ ನಲ್ಲಿ ಒಂದೊಂದನ್ನೂ ತಿರುಗಿಸಿ ನೋಡಿದೆ, ನಯವಾಗಿ ತಿರುಗಿದವು. ನೀರಿನ ಲಾರಿ ಬಂದುಹೋಗಿತ್ತು. ಸಿಲಿಂಡರ್ ತುಂಬಿತ್ತು, ಸೋಪಿನ ನೊರೆ ಹಚ್ಚಿ ನೋಡಿದರೂ ಸೋರಲಿಲ್ಲ. ಎಕ್ಸಾಮಿನರ್ ಬಂದರು; ಗಂಭೀರ ಮುಖದ ಹಿರಿಯರು, ಶರ್ಟು ಕಡುನೀಲಿ. ಪರ್ಮಾಂಗನೇಟ್‌ನ ಅನುಭವ ಅವರಿಗೂ ಇದ್ದಿರಬೇಕು. ಗೇಟು ಹಾಕಿಸಿದರು, ಮಕ್ಕಳನ್ನು ಎಣಿಸಿದರು.

“ಒಬ್ಬರು ಕಮ್ಮಿ.”

“ಬರ್ತಾಳೆ ಸರ್.”

“ಅರ್ಧ ಗಂಟೆ ನೋಡೋಣ. ಆಮೇಲೆ ಆಬ್ಸೆಂಟ್ ಹಾಕಬೇಕಾಗ್ತದೆ ಮೇಡಂ, ತಪ್ಪು ತಿಳೀಬೇಡಿ.”

ಟೈಟ್ರೇಷನ್ ಶುರುವಾಯಿತು. ನಾನು ಕಿಟಕಿಗೆ ಬೆನ್ನು ಹಾಕಿ ನಿಲ್ಲಲು ಪ್ರಯತ್ನಿಸಿದೆ. ಆಗಲಿಲ್ಲ. ಗೇಟಿನಾಚೆ ಆಟೋ ನಿಂತಾಗಲೆಲ್ಲ ತಿರುಗಿ ನೋಡುತ್ತಿದ್ದೆ. ಯಾರೋ ಇಳಿದು ತರಕಾರಿ ಅಂಗಡಿಗೆ ಹೋಗುತ್ತಿದ್ದರು. ಎಕ್ಸಾಮಿನರ್ ಒಮ್ಮೆ ಗಡಿಯಾರ ನೋಡಿದರು. ಎರಡನೆಯ ಸಲ ನೋಡಿ ಪೆನ್ನಿನ ಮುಚ್ಚಳ ತೆಗೆದರು. ಸೆಲ್ವಿಯಕ್ಕ ಗೇಟಿನ ಹತ್ತಿರದಿಂದ ಎರಡೂ ಕೈ ಎತ್ತಿ ಏನೋ ಕೂಗಿದಳು.

ಪರ್ಣಿ ಒಳಗೆ ಬಂದಳು. ಯೂನಿಫಾರ್ಮ್ ಹಾಕಿದ್ದಳು, ಆದರೆ ಹಣೆಯಲ್ಲಿ ಕಲ್ಲಿನ ಬೊಟ್ಟು ಹಾಗೇ ಇತ್ತು, ಮುಖದ ಅರ್ಧ ಬಣ್ಣ ಕರವಸ್ತ್ರಕ್ಕೆ ಹೋಗಿತ್ತು. ಎಕ್ಸಾಮಿನರ್ ಅವಳನ್ನೂ ನನ್ನನ್ನೂ ನೋಡಿ, “ಮದುವೆ ಮನೆಯಿಂದ ಬಂದ್ಯಾ ಅಮ್ಮ?” ಎಂದರು. “ಹೌದು ಸರ್, ಮುಗೀತು” ಅಂದಳು. ಪೆನ್ನಿನ ಮುಚ್ಚಳ ಮುಚ್ಚಿಕೊಂಡಿತು.

ನಡೆದದ್ದನ್ನು ಅವಳು ಆಮೇಲೆ ಫ್ಲಾಸ್ಕ್ ತೊಳೆಯುತ್ತ ಹೇಳಿದಳು. ಪರೀಕ್ಷೆಗೆ ಬರುವುದು ಅವಳ ಲೆಕ್ಕದಲ್ಲೇ ಇರಲಿಲ್ಲವಂತೆ. ಬೆಳಿಗ್ಗೆ ಅಂಗಡಿಗೇ ಹೋದದ್ದು. ಯೂನಿಫಾರ್ಮನ್ನು ಬ್ಯಾಗಿಗೆ ತುರುಕಿದವರು ಜಲಜಾಕ್ಷಿ, “ಇರಲಿ, ಭಾರವಾ?” ಅಂದರಂತೆ. ಲೈವ್‌ಗೆ ಮೊದಲು ಅವಳು ಮುದಲಾಳಿಯ ಮುಂದೆ ಆ ದಿನದ ಮದುವೆ ಸೀರೆಗಳ ಹಾಸಿನ ಎಳೆ, ಹೊಕ್ಕಿನ ಎಳೆ ಎರಡನ್ನೂ ಕಿತ್ತು, ಒಂದಾದ ಮೇಲೊಂದು ಸೀರೆಯದ್ದು ಸುಟ್ಟು ತೋರಿಸಿದಳು. ಹೊಕ್ಕು ಪಾಲಿಯೆಸ್ಟರ್ ಇದ್ದದ್ದನ್ನು ಹಾಗೆಂದೇ ಹೇಳುತ್ತೇನೆ, ಆದರೂ ಮಾರಿಕೊಡುತ್ತೇನೆ ಎಂದಳು. ಮುದಲಾಳಿ ಸಿಟ್ಟಾಗಲಿಲ್ಲ, ನಕ್ಕರು. “ನೇಯುವವನು ಹೇಳಿದ್ದನ್ನು ನಾನು ಹೇಳುತ್ತೇನೆ, ನಾನು ಹೇಳಿದ್ದನ್ನು ನೀನು ಹೇಳು. ಇಷ್ಟೇ ವ್ಯಾಪಾರ” ಎಂದರು. ಇವಳು ಒಪ್ಪದೆ ಕುರ್ಚಿ ಬಿಟ್ಟು ಎದ್ದಳು.

“ಅಮ್ಮ ಹೇಳಿದ್ದು ತಪ್ಪು ಮಿಸ್” ಎಂದಳು. “ಬೇರೆ ಹುಡುಗಿ ಬಂದು ಕೂತ್ಕೊಳ್ಳಿಕ್ಕೆ ಅರ್ಧ ಗಂಟೆ ಬೇಡ. ನಾನು ಲಿಫ್ಟಿಗೆ ಕಾಯ್ತಾ ಇರುವಾಗಲೇ ಒಳಗೆ ಹಾಯ್ ಅಕ್ಕಾ ಶುರುವಾಯ್ತು.”

ನಗುತ್ತಲೇ ಹೇಳಿದಳು. ಆಮೇಲೆ ಸಿಂಕಿನ ಮೇಲೆ ಬಗ್ಗಿ ಬಹಳ ಹೊತ್ತು ಒಂದೇ ಫ್ಲಾಸ್ಕ್ ತೊಳೆದಳು. ಆ ಮನೆಗೆ ಆ ಸಂಬಳದ ಕೊರತೆ ಎಷ್ಟು ಬಿತ್ತೆಂಬುದನ್ನು ಸದಾಶಿವ ನನ್ನ ಬಳಿ ಎಂದೂ ಆಡಲಿಲ್ಲ. ಈಗ ಅವಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ಶನಿವಾರ, ಭಾನುವಾರ ಬೇರೊಂದು ಅಂಗಡಿಗೆ ಲೈವ್ ಮಾಡುತ್ತಾಳೆ. ಗೊತ್ತಿಲ್ಲದ್ದನ್ನು ಕೇಳಿದರೆ “ಗೊತ್ತಿಲ್ಲ ಅಕ್ಕಾ, ನೋಡಿ ಹೇಳ್ತೇನೆ” ಅನ್ನುತ್ತಾಳೆ. ಮೊದಲಿನಷ್ಟು ಬುಕ್ ಬರುವುದಿಲ್ಲವಂತೆ, ಆದರೆ ಕೊಂಡವರು ತಿರುಗಿ ಬರುತ್ತಾರಂತೆ. ಕುಂದಾಪುರದ ಅಜ್ಜಿಗೆ ಅವಳೇ ಫೋನ್ ಮಾಡಿ ನಿಜ ಹೇಳಿದ್ದಳು. ಅಜ್ಜಿ, “ನಂಗೆ ಮುಟ್ಟಿದಾಗಲೇ ಗೊತ್ತಾಯ್ತು ಮಗಾ, ನೀನು ಯಾವಾಗ ಹೇಳ್ತಿ ಅಂತ ನೋಡ್ತಿದ್ದೆ” ಅಂದರಂತೆ.

ದುಡಿಮೆಯತ್ತ ಓಡುವ ಮಕ್ಕಳಿಗೆ ನಾನೀಗ ಮುಂದಿನ ಸಂಬಳದ ಆಸೆ ತೋರಿಸುವುದಿಲ್ಲ. ಆ ಲೆಕ್ಕ ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ, ಸಾಲದ್ದಕ್ಕೆ ನನ್ನ ಸೀರೆ ಎದುರಿಗೇ ಇರುತ್ತದೆ. ಅದರ ಬದಲು, ನೀನು ಮಾಡುವ ಕೆಲಸದಲ್ಲಿ ಯಾರಾದರೂ ಕೇಳಿದರೆ ಉತ್ತರ ಹೇಳಲಾಗದ ಪ್ರಶ್ನೆ ಯಾವುದು, ಹುಡುಕಿಕೊಂಡು ಬಾ ಅನ್ನುತ್ತೇನೆ. ಬೈಕಿನಲ್ಲಿ ಊಟ ತಲುಪಿಸುವ ಹುಡುಗ ಬ್ಯಾಟರಿಯ ಬಗ್ಗೆ ಕೇಳಿಕೊಂಡು ಬಂದಿದ್ದಾನೆ. ಎಲ್ಲರೂ ಬರುವುದಿಲ್ಲ. ಬಂದವರ ಜೊತೆ ಕೂತು ಅದನ್ನು ಸುಟ್ಟೋ ಕರಗಿಸಿಯೋ ನೋಡುವುದೇ ನನ್ನ ಕೆಲಸವೆಂದು ನನಗೆ ಗೊತ್ತಾದದ್ದು ಆ ವರ್ಷ.

ಆ ಬೆಳಿಗ್ಗೆ ಮಾತ್ರ ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಹುಡುಗಿ ಬಂದಳು, ಬ್ಯೂರೆಟ್ ಹಿಡಿದಳು, ತಿಳಿಗುಲಾಬಿಗೆ ಸರಿಯಾಗಿ ನಿಲ್ಲಿಸಿದಳು. ಹೆದರಿದ್ದ ಒಂದೂ ಆಗಲಿಲ್ಲವಲ್ಲ ಎಂಬುದೇ ಒಂದು ಬಗೆಯ ಕಳವಳವಾಗಿ ಕೂತಿರುವಾಗ ಎಕ್ಸಾಮಿನರ್ ಹೇಳಿದರು:

“ಟೈಟ್ರೇಷನ್ ಆಯ್ತು. ಇನ್ನು ಇಗ್ನಿಷನ್ ಟೆಸ್ಟ್. ಬರ್ನರ್ ಹಚ್ಚಿಸಿ ಮೇಡಂ.”

ಎಳೆ ಸುಟ್ಟ ಸಂಜೆಯ ನಂತರ ತೆರೆಯದಿದ್ದ ಡ್ರಾಯರ್‌ನ ಬೀಗ ತೆಗೆದೆ. ಒಳಗೆ ಚಾಕ್ ಇತ್ತು, ಪ್ಲಾಸ್ಟರ್ ಇತ್ತು, ಸುಟ್ಟ ಗಾಯದ ಮುಲಾಮು ಇತ್ತು. ಬೆಂಕಿಪೆಟ್ಟಿಗೆ ಇರಲಿಲ್ಲ. ಗೇಟು ಹಾಕಿತ್ತು. ಇಡೀ ಲ್ಯಾಬಿನಲ್ಲಿ ಇನ್ನೊಂದು ಕಡ್ಡಿ ಇಲ್ಲದಂತೆ ನಾನೇ ನೋಡಿಕೊಂಡಿದ್ದೆ. ಸೆಲ್ವಿಯಕ್ಕ ನನ್ನ ಮುಖ ನೋಡಿ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಪರ್ಣಿ ತನ್ನ ಪೆನ್ಸಿಲ್ ಡಬ್ಬಿ ತೆರೆದು ನನ್ನ ಮೇಜಿನ ಹತ್ತಿರ ಬಂದಳು.

“ಸಾರಿ ಮಿಸ್. ಅವತ್ತು ಮೇಜು ಒರೆಸುವಾಗ ನಾನೇ ತಗೊಂಡು ಹೋದದ್ದು. ಉಳಿದದ್ದೆಲ್ಲ ಮುದಲಾಳಿ ಮುಂದೆ ಖರ್ಚಾಯ್ತು. ಒಂದೇ ಕಡ್ಡಿ ಉಂಟು.”

ನಾನು ಕೈ ಚಾಚಿದೆ. ಅವಳು ನನ್ನ ಬೆರಳುಗಳನ್ನು ನೋಡಿದಳು, ಪೆಟ್ಟಿಗೆಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಬೇಡ ಮಿಸ್, ನಿಮ್ಮ ಕೈ ನಡುಗ್ತಾ ಉಂಟು. ಫ್ಯಾನ್ ಮಾತ್ರ ನಿಲ್ಲಿಸಿ, ನಾನು ಹಚ್ತೇನೆ.”